ಗೃಹಪ್ರವೇಶದ ತಾರೀಖಿಗೆ ಮರ ಒಣಗುವುದಿಲ್ಲ

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ನಿಮ್ಮ ಓದುಗರ ಅಂಕಣದಲ್ಲಿ ತುಮಕೂರಿನವರೊಬ್ಬರು ತಮ್ಮ ಹೊಸ ಮನೆಯ ಮರದ ನೆಲದ ಬಗ್ಗೆ ಬರೆದಿದ್ದರು. ಹಾಕಿಸಿ ಐದು ತಿಂಗಳಿಗೆಲ್ಲ ಪಟ್ಟಿಗಳ ಅಂಚು ಎದ್ದುಕೊಂಡವು, ನಡೆದರೆ ಕಿರ್ ಎನ್ನುತ್ತದೆ, ಇಟ್ಟ ದುಡ್ಡು ನೀರಲ್ಲಿ ಹೋಮ ಮಾಡಿದ ಹಾಗಾಯಿತು ಎಂದು. ಕೊನೆಗೆ, ಮರದ ನೆಲ ನಮ್ಮ ಊರಿನ ಹವೆಗೆ ಆಗಿಬರುವುದಿಲ್ಲ, ಯಾರೂ ಹಾಕಿಸಬೇಡಿ ಎಂದಿದ್ದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ತಪ್ಪು ಹವೆಯದ್ದಲ್ಲ, ಮರದ್ದೂ ಅಲ್ಲ. ಅವರ ಪತ್ರದ ನಡುವೆ ಒಂದು ಸಾಲು ಇತ್ತು. ಗೃಹಪ್ರವೇಶಕ್ಕೆ ಮುಂಚೆ ಎಂಟೇ ದಿನದಲ್ಲಿ ನೆಲದ ಕೆಲಸ ಮುಗಿಸಿಕೊಟ್ಟರು ಎಂದು. ಆ ಸಾಲು ಓದಿದ ಮೇಲೆ ನನಗೆ ಸುಮ್ನೆ ಕೂರಲು ಆಗಲಿಲ್ಲ.

ನಾನು ಕ್ಯಾತ್ಸಂದ್ರದ ಮರಗೆಲಸದವನು. ಈ ಕೆಲಸಕ್ಕೆ ಕೈ ಹಾಕಿ 31 ವರ್ಷ ಆಯಿತು. ಮೊದಲು ಬಾಗಿಲು, ಕಿಟಕಿ, ಮಂಚ ಮಾಡುತ್ತಿದ್ದೆ. ಆಮೇಲೆ ಬೆಂಗಳೂರಿಗೆ ಹೋಗಿ, ಶಟಲ್ ಕೋರ್ಟ್‌ಗಳಿಗೆ ಮೇಪಲ್ ಪಟ್ಟಿ ಹಾಸುವ ತಂಡದಲ್ಲಿ ಆರು ವರ್ಷ ಇದ್ದೆ. ಪಟ್ಟಿ ನೆಲದ ಕೆಲಸ ಕಲಿತದ್ದು ಅಲ್ಲಿ. ಊರಿಗೆ ವಾಪಸ್ ಬಂದ ಮೇಲೆ ಕುಣಿಗಲ್ ರಸ್ತೆ, ಶಿರಾ ಗೇಟ್, ಮರಳೂರು ಕಡೆಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟುವವರು ಒಬ್ಬೊಬ್ಬರಾಗಿ ಕರೆಯಲು ಶುರು ಮಾಡಿದರು. ಹೆಚ್ಚಿನವರು ಕೇಳುವುದು ಒಂದೇ ಕೋಣೆಗೆ. ಮಲಗುವ ಕೋಣೆ, ಇಲ್ಲವೇ ಮಹಡಿ ಮೇಲಿನ ಓದುವ ಕೋಣೆ.

ಮರದ ನೆಲ ನಮಗೆ ಹೊಸದು ಅನ್ನುವವರು ಹಳೇ ಮನೆಗಳ ಅಟ್ಟ ಹತ್ತಿ ನೋಡಬೇಕು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ನಮ್ಮ ತಾತ ಕಟ್ಟಿದ ಮನೆ ಈಗಲೂ ಇದೆ. ತೊಲೆ ಮೇಲೆ ಜಂತೆ, ಜಂತೆ ಮೇಲೆ ಮತ್ತಿ ಹಲಗೆ. ಅದರ ಮೇಲೆ ರಾಗಿ ಮೂಟೆ ಪೇರಿಸಿದ್ದಾರೆ, ಕೊಬ್ಬರಿ ಒಣಗಿಸಿದ್ದಾರೆ, ನಾವು ಮಕ್ಕಳು ಅದರ ಮೇಲೆ ಕುಣಿದಿದ್ದೇವೆ. ಒಂದು ಹಲಗೆಯೂ ಎದ್ದಿಲ್ಲ. ತಾತ ಮರ ಕಡಿಸಿ, ಸೀಳಿಸಿ, ಹಿತ್ತಲಲ್ಲಿ ನೆರಳಿಗೆ ಅಡ್ಡಪಟ್ಟಿ ಕೊಟ್ಟು ಅಟ್ಟಿ ಹಾಕಿ ಎರಡು ಮಳೆಗಾಲ ಬಿಟ್ಟಿದ್ದರಂತೆ. ಸೊಸೆಯಂದಿರು ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದರು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಈಗ ಸೋಮವಾರ ಸಾಮಿಲ್‌ನಿಂದ ಬಂದ ಮರ ಗುರುವಾರ ಕೋಣೆಯಲ್ಲಿ ಮೊಳೆ ಹೊಡೆಸಿಕೊಂಡಿರುತ್ತದೆ. ಅದೇ ಊರು, ಅದೇ ಹವೆ. ಬದಲಾಗಿರುವುದು ನಮ್ಮ ಅವಸರ.

ಒಂದು ಗೊಂದಲ ಮೊದಲೇ ಬಿಡಿಸಿಬಿಡುತ್ತೇನೆ. ಅಂಗಡಿಗೆ ಹೋಗಿ ವುಡನ್ ಫ್ಲೋರಿಂಗ್ ಬೇಕು ಅಂದರೆ ಮೂರು ಬೇರೆ ಬೇರೆ ಸಾಮಾನು ತೋರಿಸುತ್ತಾರೆ. ಲ್ಯಾಮಿನೇಟ್ ಅನ್ನುವುದು ಮರದ ಪುಡಿ ಒತ್ತಿ ಮಾಡಿದ ಹಲಗೆ. ಮೇಲೆ ಕಾಣುವುದು ಮರದ ಚಿತ್ರ ಅಚ್ಚು ಹಾಕಿದ ಕಾಗದ. ಎಂಜಿನಿಯರ್ಡ್ ಅಂದರೆ ಪ್ಲೈವುಡ್ ಮೇಲೆ ನಿಜವಾದ ಮರದ ತೆಳು ಪದರ. ಮೂರನೆಯದು ಪೂರ್ತಿ ಗಟ್ಟಿ ಮರದ ಪಟ್ಟಿ. ನಾನು ಈಗ ಹೇಳುತ್ತಿರುವುದು ಇದರ ಬಗ್ಗೆ. ಮುಕ್ಕಾಲು ಇಂಚು ದಪ್ಪ, ಎರಡೂಕಾಲು ಇಂಚು ಅಗಲ. ಒಂದು ಅಂಚಿಗೆ ನಾಲಿಗೆ, ಇನ್ನೊಂದು ಅಂಚಿಗೆ ಆ ನಾಲಿಗೆ ಕೂರುವ ಗ್ರೂವ್. ಮೂರು ಇಂಚಿಗಿಂತ ಕಡಿಮೆ ಅಗಲ ಇದ್ದರೆ ಸ್ಟ್ರಿಪ್, ಅದಕ್ಕಿಂತ ಜಾಸ್ತಿ ಇದ್ದರೆ ಪ್ಲ್ಯಾಂಕ್ ಅನ್ನುತ್ತಾರೆ. ಅಗಲ ಜಾಸ್ತಿ ಆದಷ್ಟೂ ಒಂದೊಂದು ಹಲಗೆ ಜಾಸ್ತಿ ಆಡುತ್ತದೆ. ಅದಕ್ಕೇ ನಮ್ಮ ಕಡೆಗೆ ನಾನು ಕಿರಿದು ಪಟ್ಟಿಯನ್ನೇ ಹೇಳುವುದು.

ಮರ ಆಡುತ್ತದೆ ಅನ್ನುವುದು ನಮ್ಮ ಕಸುಬಿನ ಮಾತು. ಗಾಳಿಯಲ್ಲಿ ತೇವ ಇದ್ದರೆ ಮರ ಅದನ್ನು ಕುಡಿದು ಹಿಗ್ಗುತ್ತದೆ, ಒಣಗಾಳಿಗೆ ಬಿಟ್ಟುಕೊಟ್ಟು ಕುಗ್ಗುತ್ತದೆ. ಕಡಿದು ನೂರು ವರ್ಷ ಆದರೂ ಇದು ನಿಲ್ಲುವುದಿಲ್ಲ. ಉದ್ದಕ್ಕೆ ಹಿಗ್ಗುವುದು ಇಲ್ಲವೆಂದೇ ಹೇಳಬೇಕು. ಎಲ್ಲಾ ಆಟ ಅಡ್ಡಕ್ಕೆ. ತೇಗ ಇದರಲ್ಲಿ ಬಹಳ ಶಾಂತ ಮರ. ಆದರೂ ಚಪ್ಪಟೆ ಸೀಳಿದ ತೇಗದ ತೇವಾಂಶ ಶೇ 1ರಷ್ಟು ಏರಿದರೆ ಅದು ಸಾವಿರಕ್ಕೆ ಹತ್ತಿರ ಹತ್ತಿರ ಎರಡು ಪಾಲು ಅಗಲವಾಗುತ್ತದೆ. ತೇವ ಅಳೆಯುವ ನನ್ನ ಮೀಟರ್‌ನಲ್ಲಿ ಮಾರ್ಚ್-ಏಪ್ರಿಲ್‌ನಲ್ಲಿ ಶೇ 8 ತೋರಿಸುವ ಪಟ್ಟಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಶೇ 12 ತೋರಿಸುತ್ತದೆ. ನಾಲ್ಕು ಪಾಲು ವ್ಯತ್ಯಾಸ. 57 ಮಿಲಿಮೀಟರ್, ಅಂದರೆ ಎರಡೂಕಾಲು ಇಂಚಿನ ಪಟ್ಟಿ ಇದರಿಂದ ಅರ್ಧ ಮಿಲಿಮೀಟರ್ ಕೂಡ ಹಿಗ್ಗುವುದಿಲ್ಲ. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಆದರೆ 12 ಅಡಿ ಅಗಲದ ಕೋಣೆಗೆ 64 ಪಟ್ಟಿ ಕೂರುತ್ತವೆ. 64 ಪಟ್ಟಿಯ ಹಿಗ್ಗು ಒಟ್ಟು ಸೇರಿದರೆ ಒಂದು ಇಂಚಿನ ಮೇಲಾಗುತ್ತದೆ. ಮೊಳೆ ಹಿಡಿದುಕೊಂಡಿರುವುದರಿಂದ ಅಷ್ಟೂ ಗೋಡೆಯವರೆಗೆ ಬರುವುದಿಲ್ಲ. ಆದರೆ ತಳ್ಳುವ ಬಲ ಎಲ್ಲಿಗೂ ಹೋಗುವುದಿಲ್ಲ, ಒಳಗೇ ಇರುತ್ತದೆ. ಗೋಡೆ ಪಕ್ಕ ಜಾಗ ಬಿಡದಿದ್ದರೆ ಅದಕ್ಕೆ ಹೋಗಲು ಒಂದೇ ದಾರಿ, ಮೇಲಕ್ಕೆ.

ಈಗ ನಮ್ಮ ಪಂಚಾಂಗ ನೋಡಿ. ಆಷಾಢದಲ್ಲಿ ಗೃಹಪ್ರವೇಶ ಇಲ್ಲ. ಹಾಗಾಗಿ ಎಲ್ಲರಿಗೂ ವೈಶಾಖ, ಜ್ಯೇಷ್ಠದೊಳಗೆ ಮುಗಿಯಬೇಕು. ಇಲ್ಲವೆಂದರೆ ಶ್ರಾವಣಕ್ಕೆ. ವೈಶಾಖದ ಮನೆಗೆ ನೆಲ ಹಾಕುವುದು ಏಪ್ರಿಲ್‌ನಲ್ಲಿ, ಮರ ವರ್ಷದಲ್ಲೇ ಹೆಚ್ಚು ಒಣಗಿ ಕುಗ್ಗಿರುವಾಗ. ಆಗ ಬಿಗಿಯಾಗಿ ಕೂರಿಸಿದ್ದು ಗೌರಿ ಹಬ್ಬ ಕಳೆದು ದಸರಾ ಹೊತ್ತಿಗೆ ಹಿಗ್ಗುತ್ತದೆ. ಶ್ರಾವಣದ ಮನೆಯಲ್ಲಿ ಇದರ ತಿರುವುಮುರುವು. ತೇವ ತುಂಬಿದ ಮರ ಹಾಸಿ ಹೋಗುತ್ತೇವೆ, ಮುಂದಿನ ಯುಗಾದಿಗೆ ಪಟ್ಟಿ ಪಟ್ಟಿ ನಡುವೆ ಸಂದು ಬಿಟ್ಟಿರುತ್ತದೆ. ಯಾವ ತಿಂಗಳಾದರೂ ಕೆಲಸ ಮಾಡಬಹುದು, ಆದರೆ ಮರ ಆ ಕೋಣೆಯ ಗಾಳಿಗೆ ಹೊಂದಿಕೊಂಡಿರಬೇಕು, ಜಾಗದ ಲೆಕ್ಕ ತಿಂಗಳು ನೋಡಿ ಹಾಕಬೇಕು. ಅದಕ್ಕೆ ದಿನ ಬೇಕು. ತಾರೀಖು ಮೊದಲೇ ಕಾರ್ಡಿನಲ್ಲಿ ಅಚ್ಚಾಗಿದ್ದರೆ ಆ ದಿನಗಳನ್ನು ಎಲ್ಲಿಂದ ತರುವುದು?

ಇದನ್ನು ನಾನು ಬೇರೆಯವರಿಗೆ ಬುದ್ಧಿ ಹೇಳಲು ಬರೆಯುತ್ತಿಲ್ಲ. ಈ ತಪ್ಪು ನಾನೇ ಮಾಡಿದ್ದೇನೆ.

ಏಳು ವರ್ಷದ ಹಿಂದಿನ ಮಾತು. ಕುಣಿಗಲ್ ರಸ್ತೆಯ ಹತ್ತಿರ ಒಬ್ಬ ಕಾಲೇಜು ಮೇಷ್ಟ್ರ ಮನೆ. ನೆಲಮಹಡಿಯ ದೊಡ್ಡ ಕೋಣೆಗೆ ತೇಗದ ಪಟ್ಟಿ ಬೇಕು ಎಂದರು. ಅವರ ತಾಯಿಗೆ ಮಂಡಿ ನೋವು. ಗ್ರಾನೈಟ್ ಮೇಲೆ ಬೆಳಗ್ಗೆ ಕಾಲಿಡಲು ಆಗುತ್ತಿರಲಿಲ್ಲ, ಅಷ್ಟು ತಣ್ಣಗೆ. ಮರ ಹಾಕಿಸಿದರೆ ಅಮ್ಮನಿಗೆ ಹಿತವಾಗಿರುತ್ತದೆ ಎಂದು ಅವರಿಗೆ ಆಸೆ. ಆಸೆ ಒಳ್ಳೆಯದೇ. ಮರ ಕಾಲಿಗೆ ಬೆಚ್ಚಗಿರುತ್ತದೆ, ಕಲ್ಲಿನ ಹಾಗೆ ಮೈಯ ಶಾಖ ಎಳೆದುಕೊಳ್ಳುವುದಿಲ್ಲ. ಗೃಹಪ್ರವೇಶ ಆಷಾಢಕ್ಕೆ ನಾಲ್ಕು ದಿನ ಮುಂಚೆ. ನನ್ನನ್ನು ಕರೆದದ್ದು ಅದಕ್ಕೆ ಹದಿನೈದು ದಿನ ಇರುವಾಗ. ನೆಲದ ಕಾಂಕ್ರೀಟ್ ಹಾಕಿ ಐದು ವಾರ ಆಗಿತ್ತಷ್ಟೇ. ಗೋಡೆಗೆ ಪ್ಲಾಸ್ಟರ್ ಇನ್ನೂ ಹಸಿ. ಮರದ ಕಟ್ಟುಗಳು ಸಂಪಿನ ಪಕ್ಕ ತಗಡಿನ ಶೆಡ್ಡಿನಲ್ಲಿದ್ದವು. ನಾನು ಮರ ಮುಟ್ಟಿ ನೋಡಿದೆ, ಕಾಂಕ್ರೀಟ್ ನೋಡಿದೆ. ಇನ್ನೂ ಎರಡು-ಮೂರು ತಿಂಗಳು ಬೇಕು ಎಂದು ನನಗೆ ಗೊತ್ತಿತ್ತು. ಬಾಯಿ ಬಿಟ್ಟು ಹೇಳಿದೆ ಕೂಡ. ಕಾರ್ಡ್ ಹಂಚಿ ಆಗಿದೆ, ಹೇಗಾದರೂ ಮಾಡಿಕೊಡಿ ಎಂದರು. ಮರ ಕಿಲ್ನ್‌ನಲ್ಲಿ (ಮರ ಒಣಗಿಸುವ ಬಿಸಿ ಗೂಡಿನಲ್ಲಿ) ಒಣಗಿಸಿದ್ದು, ಏನೂ ಆಗಲ್ಲ ಎಂದು ಗುತ್ತಿಗೆದಾರರೂ ದನಿಗೂಡಿಸಿದರು. ನಾನು ಒಪ್ಪಿಕೊಂಡೆ. ಒಪ್ಪಬಾರದಿತ್ತು.

ಕಿಲ್ನ್‌ನಲ್ಲಿ ಒಣಗಿದ ಮರವೂ ಹೊರಗೆ ಬಂದ ಕೂಡಲೇ ಗಾಳಿಯಿಂದ ತೇವ ತೆಗೆದುಕೊಳ್ಳಲು ಶುರು ಮಾಡುತ್ತದೆ. ಸಂಪಿನ ಪಕ್ಕ ಇಟ್ಟರೆ ಇನ್ನೂ ಬೇಗ. ಅಕ್ಟೋಬರ್ ಮೊದಲ ವಾರ ಮೇಷ್ಟ್ರು ಫೋನ್ ಮಾಡಿದರು. ಸಿಟ್ಟು ಮಾಡಲಿಲ್ಲ, ಒಂದ್ಸಲ ಬಂದು ನೋಡಿ ಎಂದರು ಅಷ್ಟೇ. ಹೋಗಿ ಚಪ್ಪಲಿ ಬಿಟ್ಟು ಕೋಣೆಗೆ ಕಾಲಿಟ್ಟ ಕೂಡಲೇ ಅಂಗಾಲಿಗೇ ಗೊತ್ತಾಯಿತು. ಉತ್ತ ಹೊಲದ ಸಾಲಿನ ಹಾಗೆ ಏರು-ತಗ್ಗು. ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಕ್ಕೆ ಬಿಟ್ಟೆ. ಒಂದೊಂದು ಪಟ್ಟಿಯ ಎರಡೂ ಅಂಚು ಎದ್ದು ನಡು ಕುಸಿದಿತ್ತು. ಅಂಚಿನ ನೆರಳು ಸಾಲು ಸಾಲಾಗಿ ಗೋಡೆವರೆಗೆ ಬಿದ್ದಿತ್ತು. ಕಿಟಕಿ ಕಡೆಯ ಗೋಡೆ ಹತ್ತಿರ ಮೂರು ಅಡಿ ಜಾಗದಲ್ಲಿ ನೆಲವೇ ಅಡಿಗೆ ಹಾಸಿದ್ದ ಪ್ಲೈವುಡ್ ಬಿಟ್ಟು ಮೇಲೆದ್ದಿತ್ತು. ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು. ಅವರ ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅಲ್ಲಿ ಎಡವಿ ಒಂದು ಸಲ ಬಿದ್ದೂ ಇದ್ದರು. ಅದನ್ನು ಅವರು ನನಗೆ ಹೇಳಲಿಲ್ಲ, ಕೆಲಸದ ಹುಡುಗಿ ಹೇಳಿದಳು.

ಅಂಚು ಎದ್ದು ನಡು ತಗ್ಗಾದರೆ ಅಡಿಯಿಂದ ತೇವ ಬರುತ್ತಿದೆ ಎಂದರ್ಥ. ಪಟ್ಟಿಯ ಕೆಳಮೈ ಹಿಗ್ಗುತ್ತದೆ, ಮೇಲ್ಮೈ ಹಾಗೇ ಇರುತ್ತದೆ. ಆಗ ಪಟ್ಟಿ ದೋಣಿಯ ಹಾಗೆ ಬಾಗುತ್ತದೆ. ಕಾಂಕ್ರೀಟ್ ಒಳಗಿನ ನೀರು ಎಲ್ಲಿಗೆ ಹೋಗಬೇಕು? ಕ್ಯೂರಿಂಗ್ (ನೀರು ಹಾಕಿ ನೆನೆಸುವುದು) ನಿಂತ ಮೇಲೆ ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂದು ನಮ್ಮ ಕಡೆ ಲೆಕ್ಕ. ನಾಲ್ಕು ಇಂಚು ಇದ್ದರೆ ನಾಲ್ಕು ತಿಂಗಳು. ನಾವು ಐದು ವಾರಕ್ಕೇ ಮುಚ್ಚಿಬಿಟ್ಟಿದ್ದೆವು. ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿದ್ದೆ, ಆದರೆ ಪ್ಲೈ ಕೂರಿಸಲು ಹೊಡೆದ ಸ್ಕ್ರೂಗಳು ಆ ಹಾಳೆಯನ್ನು ಎಷ್ಟೋ ಕಡೆ ತೂತು ಮಾಡಿದ್ದವು. ಅಷ್ಟು ಹಸಿ ನೆಲಕ್ಕೆ ಹಾಳೆ ಒಂದೇ ಸಾಕಾಗುವುದಿಲ್ಲ. ಕಿಟಕಿ ಪಕ್ಕ ಮೇಲೆದ್ದದ್ದಕ್ಕೆ ಬೇರೆ ಕಾರಣ. ನಾನು ಗೋಡೆ ಪಕ್ಕ ಮುಕ್ಕಾಲು ಇಂಚು ಬಿಟ್ಟಿದ್ದೆ. ನಾನು ಹೋದ ಮೇಲೆ ಸ್ಕರ್ಟಿಂಗ್ (ಗೋಡೆ ಬುಡದ ಪಟ್ಟಿ) ಕೂರಿಸಲು ಬಂದ ಗಾರೆಯವರು, ಇಲ್ಲೇನೋ ಸಂದು ಉಳಿದಿದೆ ಎಂದು ಅದಕ್ಕೆ ಸಿಮೆಂಟ್ ತುಂಬಿಬಿಟ್ಟಿದ್ದರು. ಅವರನ್ನು ಏನು ಅನ್ನುವುದು? ಅದು ಬೇಕೆಂದೇ ಬಿಟ್ಟ ಜಾಗ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಆಮೇಲೆ ಮಾಡಿದ್ದು ಇಷ್ಟು. ಗೋಡೆ ಪಕ್ಕದ ಸಿಮೆಂಟ್ ಉಳಿ ಹಾಕಿ ಬಿಡಿಸಿದೆ. ಎದ್ದ ಕಡೆ ನಾಲ್ಕು ಸಾಲು ಪಟ್ಟಿ ಕಿತ್ತೆ. ಕಿಟಕಿ ತೆಗೆದಿಟ್ಟು ಫ್ಯಾನ್ ಹಾಕಿಸಿದೆ. ಹಬ್ಬಕ್ಕೆ ಮುಂಚೆ ಮೆಷಿನ್ ಹಾಕಿ ಉಜ್ಜಿ ಮಟ್ಟ ಮಾಡಿಬಿಡಿ ಎಂದು ಮೇಷ್ಟ್ರ ತಮ್ಮ ಹೇಳಿದರು. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಬಾಗಿದ ಪಟ್ಟಿಯ ಎದ್ದ ಅಂಚನ್ನು ಹಸಿ ಇರುವಾಗಲೇ ಉಜ್ಜಿ ತೆಗೆದರೆ, ಮರ ಒಣಗಿ ನೇರವಾದ ಮೇಲೆ ಅಂಚು ತಗ್ಗಾಗಿ ನಡು ಉಬ್ಬುತ್ತದೆ. ಆಗ ಮತ್ತೆ ಉಜ್ಜಬೇಕು, ಮರದ ದಪ್ಪ ಸುಮ್ನೆ ಸವೆಯುತ್ತದೆ. ಫೆಬ್ರವರಿವರೆಗೆ ಕಾದೆವು. ಮುಕ್ಕಾಲು ಪಾಲು ಬಾಗು ತಾನಾಗಿಯೇ ಇಳಿಯಿತು. ಉಳಿದದ್ದನ್ನು 40, 60, 100 ನಂಬರ್ ಕಾಗದ ಹಾಕಿ ಉಜ್ಜಿ, ಹೊಸ ಪಟ್ಟಿ ಸೇರಿಸಿ, ಪಾಲಿಶ್ ಮಾಡಿದೆ. ಕೂಲಿ ತೆಗೆದುಕೊಳ್ಳಲಿಲ್ಲ. ಜ್ಯೇಷ್ಠದಲ್ಲಿ ಕಾಯದ ನಾಲ್ಕು ತಿಂಗಳನ್ನು ಕೊನೆಗೂ ಕಾದೆವು, ಮನೆಯವರು ಒಳಗಿದ್ದು ಕಷ್ಟಪಡುತ್ತಾ.

ಅಲ್ಲಿಂದ ಈಚೆಗೆ ನಾನು ಒಂದು ಪರೀಕ್ಷೆ ಮಾಡದೆ ಯಾರ ಮನೆಯಲ್ಲೂ ಒಂದು ಮೊಳೆ ಹೊಡೆದಿಲ್ಲ. ಇದನ್ನು ಮನೆ ಯಜಮಾನರೇ ಮಾಡಬಹುದು. ಒಂದೂವರೆ ಅಡಿ ಚದರದ ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಿ. ಕಾಂಕ್ರೀಟ್ ನೆಲ ಗುಡಿಸಿ, ಹಾಳೆ ಹಾಸಿ, ನಾಲ್ಕೂ ಕಡೆ ಗಾಳಿಯಾಡದ ಹಾಗೆ ಟೇಪ್ ಅಂಟಿಸಿ. ಕಡಿಮೆ ಎಂದರೆ 16 ಗಂಟೆ ಹಾಗೇ ಬಿಡಬೇಕು. ನಾನು ಸಂಜೆ ಅಂಟಿಸಿ ಮಾರನೇ ದಿನ ಸಂಜೆ ಎತ್ತುತ್ತೇನೆ. ಹಾಳೆಯ ಒಳಮೈಯಲ್ಲಿ ಇಡ್ಲಿ ತಟ್ಟೆ ಮುಚ್ಚಳದ ಹಾಗೆ ಹನಿ ಕಟ್ಟಿದ್ದರೆ, ಇಲ್ಲವೇ ಅಡಿಯ ಕಾಂಕ್ರೀಟ್ ಸುತ್ತಲಿನದ್ದಕ್ಕಿಂತ ಕಪ್ಪಗೆ ಕಂಡರೆ, ನೆಲ ಇನ್ನೂ ಹಸಿ. ಕೋಣೆಯ ಮೂರು ಕಡೆ ಅಂಟಿಸಿ ನೋಡಿ. ಬಚ್ಚಲ ಗೋಡೆ ಪಕ್ಕ ಒಂದು ಇರಲೇಬೇಕು. ಹನಿ ಇಲ್ಲ ಎಂದ ಮಾತ್ರಕ್ಕೆ ಪೂರ್ತಿ ನಂಬಬಾರದು, ಮೀಟರ್ ಹಾಕಿಯೂ ನೋಡಬೇಕು. ಆದರೆ ಹನಿ ಇದ್ದರೆ ಮುಂದೆ ಮಾತೇ ಇಲ್ಲ, ನಿಲ್ಲಿಸಬೇಕು.

ಮೀಟರ್ ಅಂದೆ. ಎರಡು ಸೂಜಿ ಇರುವ ಚಿಕ್ಕ ಯಂತ್ರ, ಮರಕ್ಕೆ ಚುಚ್ಚಿದರೆ ತೇವಾಂಶ ಹೇಳುತ್ತದೆ. ಎರಡು-ಮೂರು ಸಾವಿರಕ್ಕೆ ಸಿಗುತ್ತದೆ. ಒಂದು ಎಚ್ಚರಿಕೆ ಎಂದರೆ, ಹೆಚ್ಚಿನ ಮೀಟರ್‌ಗಳನ್ನು ಹೊರದೇಶದ ಡಗ್ಲಸ್ ಫರ್ ಮರಕ್ಕೆ ಹೊಂದಿಸಿರುತ್ತಾರೆ. ತೇಗಕ್ಕೆ, ಹೊನ್ನೆಗೆ ಮೀಟರ್ ಜೊತೆ ಕೊಡುವ ಅಂಕಿಗಳ ಕೋಷ್ಟಕ ನೋಡಿ ಲೆಕ್ಕ ಸರಿ ಮಾಡಿಕೊಳ್ಳಬೇಕು. ಪಟ್ಟಿಗೂ ಅಡಿಯ ಪ್ಲೈಗೂ ನಡುವೆ ತೇವಾಂಶದ ವ್ಯತ್ಯಾಸ ನೂರಕ್ಕೆ 4 ಪಾಲಿಗಿಂತ ಜಾಸ್ತಿ ಇರಬಾರದು. ತಂದ ಮರ ನಿಜವಾಗಿ ತೇಗವೋ ಅಲ್ಲವೋ ಎಂದು ಅನುಮಾನ ಬಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಕೇಂದ್ರ ಸರ್ಕಾರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಚೂರು ಮರ ಕೊಟ್ಟರೆ ಯಾವ ಜಾತಿ ಎಂದು ಪರೀಕ್ಷೆ ಮಾಡಿ ಹೇಳುತ್ತಾರೆ. ಲಕ್ಷಗಟ್ಟಲೆ ಸುರಿಯುವವರು ಇದೊಂದು ಕೆಲಸಕ್ಕೆ ಅರ್ಧ ದಿನ ಕೊಡಬಹುದು.

ಮರ ಬಂದ ಮೇಲೆ ಅದನ್ನು ಶೆಡ್ಡಿನಲ್ಲಿ ಅಲ್ಲ, ಹಾಸುವ ಕೋಣೆಯಲ್ಲೇ ಇಡಬೇಕು. ಕಟ್ಟು ಬಿಚ್ಚಿ, ನಡುವೆ ಚಿಕ್ಕ ಪಟ್ಟಿ ಕೊಟ್ಟು, ಗಾಳಿ ಆಡುವ ಹಾಗೆ ಪೇರಿಸಬೇಕು. ಅಷ್ಟೊತ್ತಿಗೆ ಕಿಟಕಿಗೆ ಗಾಜು ಕೂತಿರಬೇಕು, ಪ್ಲಾಸ್ಟರ್, ಪುಟ್ಟಿ, ಪೇಂಟ್‌ನ ಹಸಿ ಕೆಲಸ ಎಲ್ಲ ಮುಗಿದಿರಬೇಕು. ಎಷ್ಟು ದಿನ ಎಂದು ಎಲ್ಲರೂ ಕೇಳುತ್ತಾರೆ. ಮೂರು ದಿನ ಬಿಟ್ಟು ಮೂರು ದಿನಕ್ಕೆ ಮೀಟರ್ ಚುಚ್ಚಿ ನೋಡಿ. ಅಂಕಿ ಬದಲಾಗುವುದು ನಿಂತರೆ ಮರ ತಯಾರು. ಒಂದು ಮನೆಯಲ್ಲಿ ಹತ್ತು ದಿನ ಸಾಕಾಯಿತು, ಇನ್ನೊಂದರಲ್ಲಿ ಆರು ವಾರ ಹಿಡಿಯಿತು.

ಹಾಸುವ ಕೆಲಸದ ಬಗ್ಗೆ ಎಲ್ಲವನ್ನೂ ಇಲ್ಲಿ ಬರೆಯಲು ಆಗುವುದಿಲ್ಲ. ಆದರೆ ಮನೆಯವರು ನಿಂತು ನೋಡಬೇಕಾದ ಕೆಲವು ಇವೆ. ಮೊದಲ ಸಾಲನ್ನು ಗೋಡೆಗೆ ಒತ್ತಿ ಹಿಡಿಯುವವರು ಕೆಲಸ ಗೊತ್ತಿಲ್ಲದವರು. ನಮ್ಮ ಗೋಡೆಗಳು ಯಾವತ್ತೂ ನೇರ ಇರುವುದಿಲ್ಲ. ಬಣ್ಣದ ದಾರ ಹಿಡಿದು ಗೆರೆ ಹೊಡೆದು, ಗೆರೆಗೆ ಸರಿಯಾಗಿ ಮೊದಲ ಸಾಲು ಕೂರಬೇಕು. ಅದು ಒಂದು ಗುಂಜಿ ವಾಲಿದರೂ ಕೊನೆಯ ಸಾಲಿಗೆ ಕಣ್ಣಿಗೆ ಹೊಡೆಯುತ್ತದೆ. ಆಮೇಲೆ ಮೊಳೆ. ಮೇಲಿಂದ ಹೊಡೆಯುವುದು ಮೊದಲ ಮತ್ತು ಕೊನೆಯ ಸಾಲುಗಳಿಗೆ ಮಾತ್ರ. ಉಳಿದ ಎಲ್ಲದಕ್ಕೂ ನಾಲಿಗೆಯ ಬುಡದಲ್ಲಿ 45 ಡಿಗ್ರಿ ಓರೆಯಾಗಿ ಹೊಡೆಯಬೇಕು. ಎಂಟರಿಂದ ಹತ್ತು ಇಂಚಿಗೆ ಒಂದು. ಮುಂದಿನ ಪಟ್ಟಿಯ ಗ್ರೂವ್ ಬಂದು ಆ ಮೊಳೆ ತಲೆಯನ್ನು ಮುಚ್ಚುತ್ತದೆ. ಮೊಳೆ ಎಲ್ಲೂ ಕಾಣಬಾರದು. ಕೆಲವರು ಮೊಳೆಗೂ ಜಿಪುಣತನ ಮಾಡಿ ಒಂದೂವರೆ ಅಡಿಗೊಂದು ಹೊಡೆದು ಹೋಗುತ್ತಾರೆ. ನಡೆದಾಗ ಕಿರ್ ಎನ್ನುವುದು ಅಲ್ಲಿಂದಲೇ ಶುರು.

ಪಕ್ಕಪಕ್ಕದ ಸಾಲುಗಳಲ್ಲಿ ತುದಿ ಜೋಡಣೆ ಒಂದೇ ಕಡೆ ಬರಬಾರದು. ಕಡಿಮೆ ಎಂದರೆ ಆರು ಇಂಚು ಅಂತರ ಇರಬೇಕು. ನಾನು ಮೊಳೆ ಹೊಡೆಯುವ ಮುಂಚೆ ಏಳೆಂಟು ಸಾಲು ಸುಮ್ನೆ ಹಾಸಿ, ಎದ್ದು ಬಾಗಿಲ ಹತ್ತಿರ ನಿಂತು ನೋಡುತ್ತೇನೆ. ಮೂರು-ನಾಲ್ಕು ಕಟ್ಟಿನಿಂದ ಬೆರೆಸಿ ತೆಗೆದರೆ ಬಣ್ಣ ಹದವಾಗಿ ಹರಡುತ್ತದೆ. ಒಂದೇ ಕಟ್ಟಿನದ್ದು ಒಂದೇ ಕಡೆ ಬಂದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ಈ ಹಾಸಿ ನೋಡುವ ಹೊತ್ತು ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾದದ್ದು. ತೇಗದ ವಾಸನೆ ಕೋಣೆ ತುಂಬಿರುತ್ತದೆ. ಒಂದು ಮರದ ಎರಡು ಪಟ್ಟಿ ಪಕ್ಕಪಕ್ಕ ಬಂದು ಗೆರೆಗಳು ಕೂಡಿಕೊಂಡಾಗ ಅದನ್ನು ಅಲ್ಲಿಂದ ತೆಗೆಯಲು ಮನಸ್ಸೇ ಬರುವುದಿಲ್ಲ.

ಬಾಗಿಲ ಚೌಕಟ್ಟಿನ ಹತ್ತಿರ ಪಟ್ಟಿಯನ್ನು ಕೊರೆದು ಕೂರಿಸಿ, ಸಂದಿಗೆ ಪುಟ್ಟಿ ತುಂಬುವುದು ಕಳ್ಳ ಕೆಲಸ. ಒಂದು ತುಂಡು ಪಟ್ಟಿಯನ್ನು ಬೋರಲು ಹಾಕಿ ಚೌಕಟ್ಟಿಗೆ ತಾಗಿಸಿ, ಅದರ ಮೇಲೆ ಗರಗಸ ಮಲಗಿಸಿ ಚೌಕಟ್ಟಿನ ಬುಡವನ್ನೇ ಕುಯ್ಯಬೇಕು. ಪಟ್ಟಿ ಅದರ ಅಡಿಗೆ ನುಸುಳಿ ಕೂರುತ್ತದೆ, ಆಡಲು ಜಾಗವೂ ಸಿಗುತ್ತದೆ. ಹೊಸ್ತಿಲನ್ನು ಮಾತ್ರ ಮುಟ್ಟಬಾರದು. ಸ್ಕರ್ಟಿಂಗ್ ಗೋಡೆಗೆ ಹೊಡೆಯಬೇಕೇ ಹೊರತು ನೆಲಕ್ಕಲ್ಲ, ಅದರ ಅಡಿಯ ಸಂದಿಗೆ ಯಾರೂ ಏನೂ ತುಂಬಬಾರದು. ಈಗ ನಾನು ಆ ಸಂದಿಯ ಉದ್ದಕ್ಕೂ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ 'ತುಂಬಬೇಡಿ' ಎಂದು ಬರೆದು ಬರುತ್ತೇನೆ. ದೇವರ ಕೋಣೆಗೆ ಮರ ಬೇಡ. ಎಣ್ಣೆ, ಅಭಿಷೇಕದ ನೀರು, ಕರ್ಪೂರದ ಬಿಸಿ, ಅದಕ್ಕೆಲ್ಲ ಕಲ್ಲೇ ಸರಿ. ಗೆದ್ದಲಿಗೆ ತಳಪಾಯದ ಹಂತದಲ್ಲೇ ಔಷಧಿ ಹಾಕಿಸಿರಬೇಕು. ನೆಲ ಹಾಕಿದ ಮೇಲೆ ನೆನಪಾದರೆ ಕಷ್ಟ.

ಇನ್ನು ಗೃಹಪ್ರವೇಶದ ದಿನವನ್ನೇ ನೆನೆಸಿಕೊಳ್ಳಿ. ಹಸು-ಕರು ಒಳಗೆ ಬರುತ್ತವೆ. ಹೋಮದ ಕಿಡಿ ಹಾರುತ್ತದೆ. ಹಾಲು ಉಕ್ಕುತ್ತದೆ. ಕಲಶದ ನೀರು ಮನೆಯೆಲ್ಲಾ ಚಿಮುಕಿಸುತ್ತಾರೆ. ಇನ್ನೂರು-ಮುನ್ನೂರು ಜನ ಓಡಾಡುತ್ತಾರೆ, ಊಟದ ಕುರ್ಚಿ ಎಳೆಯುತ್ತಾರೆ. ಪಾಲಿಯುರಿಥೇನ್ ಪಾಲಿಶ್ ಮೇಲೆ ಮಾರನೇ ದಿನವೇ ಬರಿಗಾಲಲ್ಲಿ ನಡೆಯಬಹುದು, ನಿಜ. ಆದರೆ ಅದು ಪೂರ್ತಿ ಗಟ್ಟಿಯಾಗಲು ಒಂದೆರಡು ವಾರ ಬೇಕು, ಎಣ್ಣೆ ಬೇಸಿನದ್ದಾದರೆ ತಿಂಗಳೇ ಹಿಡಿಯುತ್ತದೆ. ಮೂರು ದಿನದ ಪಾಲಿಶ್ ಮೇಲೆ ಹಸುವಿನ ಗೊರಸು ಬಿದ್ದರೆ ಏನಾಗುತ್ತದೆ ಎಂದು ನಾನು ನೋಡಿದ್ದೇನೆ. ಆಮೇಲೆ ಪ್ರತಿ ಶುಕ್ರವಾರ ಬಕೆಟ್ ನೀರು ಸುರಿದು ನೆಲ ಒರೆಸುವ ನಮ್ಮ ಪದ್ಧತಿ. ಮರಕ್ಕೆ ಅದು ಆಗುವುದಿಲ್ಲ. ಚೆನ್ನಾಗಿ ಹಿಂಡಿದ ಬಟ್ಟೆ ಸಾಕು. ಇದನ್ನು ಯಜಮಾನರಿಗೆ ಹೇಳಿದರೆ ಸಾಲದು, ಮನೆಗೆಲಸಕ್ಕೆ ಬರುವವರಿಗೂ ಕೂರಿಸಿ ಹೇಳಬೇಕು. ದಿನಾ ಆ ನೆಲ ಮುಟ್ಟುವುದು ಅವರೇ.

ಹಾಗಾಗಿ ಮನೆ ಕಟ್ಟುತ್ತಿರುವ ಓದುಗರಿಗೆ ನನ್ನ ಕೋರಿಕೆ ಒಂದೇ. ಮುಹೂರ್ತ ಬಿಡಬೇಡಿ. ಒಳ್ಳೆಯ ದಿನಕ್ಕೆ ಮನೆಗೆ ಬನ್ನಿ, ಹಾಲು ಉಕ್ಕಿಸಿ, ನೆಂಟರಿಗೆ ಊಟ ಹಾಕಿ. ಮರ ಹಾಕಬೇಕಾದ ಆ ಒಂದು ಕೋಣೆಯನ್ನು ಮಾತ್ರ ಬರೀ ಕಾಂಕ್ರೀಟಿನಲ್ಲೇ ಬಿಡಿ. ಅದರಲ್ಲಿ ಮರ ಪೇರಿಸಿಡಿ. ಸಂಬಂಧಿಕರು ಬಂದು ಇದೇನು ಅರ್ಧ ಕೆಲಸ ಎಂದು ಕೇಳುತ್ತಾರೆ, ಕೇಳಲಿ. ಗುತ್ತಿಗೆದಾರರು ನಮ್ಮನ್ನು ಕೊನೆಯ ವಾರ ಕರೆಯುವ ಬದಲು ನೆಲದ ಕಾಂಕ್ರೀಟ್ ಹಾಕುವ ದಿನವೇ ಒಂದು ಮಾತು ಹೇಳಲಿ. ನನ್ನ ಕಸುಬಿನ ಹುಡುಗರಿಗೂ ಒಂದು ಮಾತು. ಇಲ್ಲ ಎಂದು ಹೇಳಿದರೆ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂಬ ಭಯ ನನಗೂ ಇತ್ತು. ಮೇಷ್ಟ್ರ ಮನೆ ಆದ ಮೇಲೆ ನಾನು ನಾಲ್ಕು ಜನಕ್ಕೆ ಈಗ ಆಗುವುದಿಲ್ಲ ಎಂದೆ. ಇಬ್ಬರು ಬೇರೆಯವರನ್ನು ಹುಡುಕಿಕೊಂಡರು. ಇಬ್ಬರು ಕಾದರು. ಕಾದವರ ಎರಡೂ ನೆಲ ಮೂರು ಮಳೆಗಾಲ ಕಂಡಿವೆ, ಒಂದು ಪಟ್ಟಿಯೂ ಎದ್ದಿಲ್ಲ. ಜಿಲ್ಲೆಯ ಐಟಿಐಗಳಲ್ಲಿ ಮರಗೆಲಸ ಹೇಳಿಕೊಡುವವರು ಉಳಿ, ತೋಪಡದ ಜೊತೆ ಮೀಟರ್ ಹಿಡಿಯುವುದನ್ನೂ ಮಕ್ಕಳಿಗೆ ಕಲಿಸಬೇಕು.

ಅಂಕಣಕ್ಕೆ ಬರೆದ ಆ ಓದುಗರಿಗೂ ಹೇಳಬೇಕು. ನೆಲ ಕೀಳಿಸಬೇಡಿ, ಈಗಲೇ ಉಜ್ಜಿಸಲೂ ಬೇಡಿ. ಸ್ಕರ್ಟಿಂಗ್ ಬಿಚ್ಚಿಸಿ ಗೋಡೆ ಪಕ್ಕ ಸಂದು ಇದೆಯಾ ನೋಡಿ. ಇಲ್ಲದಿದ್ದರೆ ಬಿಡಿಸಿ. ಕಿಟಕಿ ತೆಗೆದಿಟ್ಟು ಶಿವರಾತ್ರಿವರೆಗೆ ಕಾಯಿರಿ. ಎಷ್ಟು ಇಳಿಯಿತು ಎಂದು ನೋಡಿ ಆಮೇಲೆ ತೀರ್ಮಾನ ಮಾಡಿ.

ಮರಳೂರು ಕಡೆ ಈಗ ಒಂದು ಮನೆ ಇದೆ. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಜ್ಯೇಷ್ಠದಲ್ಲಿ ಗೃಹಪ್ರವೇಶ ಆಯಿತು. ಮಹಡಿಯ ಕೋಣೆಯಲ್ಲಿ ಹೊನ್ನೆ ಪಟ್ಟಿಗಳು ಅಟ್ಟಿ ಅಟ್ಟಿಯಾಗಿ ಕೂತಿವೆ. ಪುರೋಹಿತರು ಆ ಖಾಲಿ ಕೋಣೆಯ ಬಾಗಿಲಿಗೂ ಮಾವಿನ ತೋರಣ ಕಟ್ಟಿಸಿದರು. ಕಳೆದ ವಾರ ಮೀಟರ್ ಚುಚ್ಚಿದಾಗ ಶೇ 12 ಇತ್ತು. ಕಾರ್ತಿಕದಲ್ಲಿ ಮತ್ತೆ ಹೋಗಿ ಮೂರು ಕಡೆ ಹಾಳೆ ಅಂಟಿಸುತ್ತೇನೆ. ಅಡಿ ಒಣಗಿದ್ದರೆ ಮಾರನೇ ಬೆಳಗ್ಗೆ ದಾರ ಹಿಡಿಯುತ್ತೇನೆ.

ಇಂತಿ,
ಒಬ್ಬ ಮರಗೆಲಸದವನು
ಕ್ಯಾತ್ಸಂದ್ರ, ತುಮಕೂರು